ಕತ್ತರಿಸುವ ಮುಂಚೆ ಕೆಳಗೆ ಯಾರಿದ್ದಾರೆ?

ಹಿಂದೆ ಕೂತಿರೋರು ಸ್ವಲ್ಪ ಮುಂದೆ ಬನ್ನಿ. ಶೀಟಿನ ಮೇಲೆ ಮಳೆ ಬೀಳ್ತಾ ಇದೆ, ಮೈಕ್ ಇದ್ದರೂ ಕೇಳಿಸಲ್ಲ.

ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಯೌವನಸ್ಥರ ಗುಂಪಿನ ಒಬ್ಬ ತಮ್ಮ ನನ್ನನ್ನು ಪಾರ್ಕಿಂಗ್ ಕಡೆ ಕರೆದುಕೊಂಡು ಹೋದ. ಹೆಸರು ಹೇಳಲ್ಲ, ಅವನು ಇಲ್ಲೇ ಕೂತಿದ್ದಾನೆ. ಬೈಕಿನ ಸೀಟು ಎತ್ತಿ ಒಂದು ಚಾಕು ತೆಗೆದು ತೋರಿಸಿದ. ಆನ್‌ಲೈನ್‌ನಲ್ಲಿ ತರಿಸಿದ್ದು. ಕಿತ್ತಳೆ ಬಣ್ಣದ ಹಿಡಿ, ಮೂರು ಇಂಚಿನ ಅಲಗು. ತುದಿ ಚೂಪಾಗಿಲ್ಲ, ಮೊಂಡು. ಒಳಗೆ ಸಿಕ್ಕಿಕೊಂಡವರಿಗೆ ಚುಚ್ಚಬಾರದು ಅಂತ ಹಾಗೆ ಮಾಡಿರ್ತಾರೆ. ಅಲಗಿನ ಅರ್ಧ ಭಾಗ ಗರಗಸದ ಹಾಗೆ ಹಲ್ಲು, ಹಗ್ಗ ಕುಯ್ಯೋಕೆ. ಹಿಡಿಯ ಹಿಂಭಾಗದಲ್ಲಿ ಒಂದು ಕೊಕ್ಕೆ, ಕೊಕ್ಕೆಯೊಳಗೆ ಬ್ಲೇಡು, ಅದು ಸೀಟ್ ಬೆಲ್ಟಿಗೆ. ಕೊನೆಯಲ್ಲಿ ಕಾರಿನ ಗಾಜು ಒಡೆಯೋಕೆ ಒಂದು ಗಟ್ಟಿ ಮೊನೆ. ರೆಸ್ಕ್ಯೂ ನೈಫ್ ಅಂತಾರೆ. "ಬ್ರದರ್, ಅಮ್ಮ ದಿನಾ ಬೈತಾರೆ. ವಿಶ್ವಾಸಿ ಆದೋನು ಚಾಕು ಇಟ್ಕೊಂಡು ಓಡಾಡಬಹುದಾ ಅಂತ ಕೇಳ್ತಾರೆ. ನೀವೇ ಒಂದು ಮಾತು ಹೇಳಿ" ಅಂದ.

ಹೇಳ್ತೀನಿ ಬಿಡು ಅಂದೆ. ಮನೆಗೆ ಹೋದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆ ಅಂದರೆ ಅದೇ ಥರದ ಒಂದು ಚಾಕು ನಮ್ಮ ಮನೆ ಬೀರುವಿನ ಕೆಳಗಿನ ಖಾನೆಯಲ್ಲಿ ಒಂಬತ್ತು ವರ್ಷದಿಂದ ಇದೆ. ನನ್ನದು. ನಾನು ಅದನ್ನ ತೆಗೆಯಲ್ಲ. ನನ್ನ ಹೆಂಡತಿಗೆ ಮಾತ್ರ ಯಾಕೆ ಅಂತ ಗೊತ್ತಿತ್ತು. ಇವತ್ತು ನಿಮಗೂ ಹೇಳೋಣ ಅಂತ ಬಂದಿದ್ದೀನಿ.

ಮೊದಲು ಆ ತಾಯಿಯ ಪ್ರಶ್ನೆ ಮುಗಿಸಿಬಿಡ್ತೀನಿ, ಅದು ಚಿಕ್ಕದು. ನಾನು ತುರುವೇಕೆರೆ ತಾಲ್ಲೂಕಿನವನು, ನಿಮಗೆಲ್ಲ ಗೊತ್ತು. ನಮ್ಮ ಕಡೆ ಮಚ್ಚಿಲ್ಲದ ಮನೆ ಇಲ್ಲ. ಬಾಗಿಲ ಸಂದಿಯಲ್ಲಿ ಒಂದು, ತೋಟದ ಮನೆಯಲ್ಲಿ ಒಂದು. ಎಳನೀರು ಕೆತ್ತೋಕೆ, ಗರಿ ಸವರೋಕೆ. ಅದನ್ನ ನೋಡಿ ಯಾರೂ ಹೆದರಲ್ಲ. ನಮ್ಮ ದೇಶದ 1959ರ ಶಸ್ತ್ರಾಸ್ತ್ರ ಕಾಯ್ದೆ ಕೂಡ ಮನೆಗೆಲಸಕ್ಕೆ, ಬೇಸಾಯಕ್ಕೆ ಅಂತಲೇ ಮಾಡಿದ ಸಾಮಾನನ್ನ ಆಯುಧದ ಲೆಕ್ಕದಿಂದ ಹೊರಗಿಟ್ಟಿದೆ. ಯಾತಕ್ಕೆ ಇಟ್ಟುಕೊಂಡಿದ್ದೀಯ ಅನ್ನೋದು ಮುಖ್ಯ. ಪೇತ್ರನ ಹತ್ತಿರ ಕತ್ತಿ ಇತ್ತು, ತೋಟದಲ್ಲಿ ಒಬ್ಬನ ಕಿವಿ ಹೋಯಿತು, ಅದನ್ನ ಕರ್ತನೇ ವಾಸಿ ಮಾಡಬೇಕಾಯಿತು. ಪೇತ್ರ ಕೂಡ ಕಾಪಾಡೋಕೇ ಅಂತ ತೆಗೆದಿದ್ದ, ಮರೀಬೇಡಿ. ಆದ್ದರಿಂದ ತಾಯಿಗೆ ನನ್ನ ಉತ್ತರ: ಇಟ್ಕೊಳ್ಳಲಿ ಅಮ್ಮ. ಪಾರ್ಟಿಗೆ, ಕಾಲೇಜಿಗೆ ತಗೊಂಡು ಹೋಗಿ ಶೋ ಮಾಡೋದು ಬೇಡ, ಗಾಡಿಯಲ್ಲಿರಲಿ. ಅಷ್ಟೇ.

ಆದರೆ ನನ್ನ ಪ್ರಶ್ನೆ ಅದಲ್ಲ. ಕತ್ತರಿಸೋ ಹಕ್ಕು ಯಾರಿಗೆ, ಯಾವಾಗ ಬರುತ್ತೆ? ಒಬ್ಬ ಮನುಷ್ಯ ಸಿಕ್ಕಿಹಾಕಿಕೊಂಡಿದ್ದಾನೆ, ನನ್ನ ಕೈಯಲ್ಲಿ ಅಲಗಿದೆ. ಅಷ್ಟು ಸಾಕಾ?

ಈ ತಮ್ಮ ಯಾಕೆ ತಗೊಂಡ ಅಂತ ಕೇಳಿದೆ. ಹರೀಶ್ ಅವರ ವಿಡಿಯೋ ನೋಡಿದೆ ಅಂದ. ನಿಮ್ಮಲ್ಲಿ ಕೆಲವರು ಆಗ ಸ್ಕೂಲಲ್ಲಿದ್ದಿರಿ, ಅದಕ್ಕೆ ಹೇಳ್ತೀನಿ. 2016ರ ಫೆಬ್ರವರಿ 16. ನಮ್ಮದೇ ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಹುಡುಗ, ಊರಿಗೆ ಹೋಗಿದ್ದವನು ಬೈಕಿನಲ್ಲಿ ಬೆಂಗಳೂರಿಗೆ ವಾಪಸ್ ಬರ್ತಿದ್ದ. ನೆಲಮಂಗಲದ ಹತ್ತಿರ ಲಾರಿ ಹರಿದು ದೇಹ ಎರಡಾಯಿತು. ಇನ್ನೂ ಪ್ರಜ್ಞೆ ಇತ್ತು. ಸಹಾಯ ಮಾಡಿ ಅಂತ ಬೇಡಿಕೊಳ್ತಿದ್ದ. ಸುತ್ತ ನಿಂತ ಕೆಲವರು ಮೊಬೈಲಿನಲ್ಲಿ ಚಿತ್ರ ತೆಗೀತಿದ್ದರು. ಆ ಸ್ಥಿತಿಯಲ್ಲೂ ಅವನು ನನ್ನ ಅಂಗಾಂಗ ದಾನ ಮಾಡಿ ಅಂದ. ಉಳಿಯಲಿಲ್ಲ. ಕಣ್ಣು ದಾನವಾಯಿತು. ಮುಂದಿನ ತಿಂಗಳೇ ಸರ್ಕಾರ ಅವನ ಹೆಸರಿನಲ್ಲಿ ಒಂದು ಯೋಜನೆ ತಂತು, ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ: ರಸ್ತೆ ಅಪಘಾತದಲ್ಲಿ ಗಾಯವಾದವರಿಗೆ ಮೊದಲ 48 ಗಂಟೆ, 25,000 ರೂಪಾಯಿವರೆಗೆ ದುಡ್ಡು ಕೇಳದೆ ಚಿಕಿತ್ಸೆ.

ಹರೀಶನ ಹತ್ತಿರ ಹೋಗೋಕೆ ಯಾವ ಚಾಕೂ ಬೇಕಿರಲಿಲ್ಲ. ಬರೀ ಕೈ ಬೇಕಿತ್ತು. ಆದರೂ ಈ ತಮ್ಮನ ಮನಸ್ಸು ನನಗೆ ಅರ್ಥ ಆಗುತ್ತೆ. ಅವನು ಫೋನು ಹಿಡಿದು ನಿಲ್ಲೋನಾಗಲ್ಲ ಅಂತ ತೀರ್ಮಾನ ಮಾಡಿದ್ದಾನೆ. ಅದಕ್ಕೆ ಸ್ತೋತ್ರ. ಇಲ್ಲಿ ಕೂತಿರೋ ಎಷ್ಟು ಜನ ಆ ತೀರ್ಮಾನ ಮಾಡಿದ್ದೀವಿ?

ಈಗ ನಮ್ಮೂರಿನ ಒಂದು ವಿಷಯ. ನಾನು ಬೈಬಲ್ ಕಾಲೇಜಿಗೆ ಸೇರೋ ಮುಂಚಿನ ಮಾತು. ತೆಂಗು ಅಭಿವೃದ್ಧಿ ಮಂಡಳಿಯವರು 2011ರಲ್ಲಿ ಹುಡುಗರಿಗೆ ಯಂತ್ರದಲ್ಲಿ ಮರ ಹತ್ತೋ ತರಬೇತಿ ಶುರು ಮಾಡಿದರು. ನಮ್ಮ ಕಡೆಯೂ ಆ ಯಂತ್ರ ಬಂದಿತ್ತು. ಎರಡು ಕಬ್ಬಿಣದ ಚೌಕಟ್ಟು, ಮರಕ್ಕೆ ಸುತ್ತೋ ತಂತಿ ಹಗ್ಗ, ಕಾಲಿಡೋ ಜಾಗದಲ್ಲಿ ಪಟ್ಟಿ. ಒಂದೊಂದೇ ಕಾಲು ಎತ್ತಿ ಹತ್ತಬೇಕು. ದೊಡ್ಡಪ್ಪನ ತೋಟದಲ್ಲಿ ಒಬ್ಬ ಹುಡುಗ ಐವತ್ತು ಅಡಿ ಮೇಲೆ ಕೈ ತಪ್ಪಿ ಹಿಂದಕ್ಕೆ ವಾಲಿಬಿಟ್ಟ. ಕಾಲು ಪಟ್ಟಿಯೊಳಗೆ ಸಿಕ್ಕಿಕೊಂಡಿತು, ತಲೆ ಕೆಳಗಾಗಿ ನೇತಾಡ್ತಾ ಇದ್ದ. ಕೆಳಗೆ ಊರೆಲ್ಲ ಸೇರಿತು. "ಪಟ್ಟಿ ಕುಯ್ಯಲಾ, ಕುಯ್ಯಲಾ" ಅಂತ ಕೂಗಾಟ. ಅರ್ಧ ಗಂಟೆ ಹಾಗೇ ಇದ್ದರೆ ರಕ್ತ ತಲೆಗೆ ಇಳಿದು ಹೋಗ್ತಾನೆ ಅಂತ ಎಲ್ಲರಿಗೂ ಭಯ.

ಕಾಯಿ ಕೀಳೋ ಕೆಲಸದಲ್ಲಿ ಹಣ್ಣಾದ ಒಬ್ಬರಿದ್ದರು, ನಾವು ಅವರನ್ನ ಮಾವ ಅಂತಿದ್ದೆವು. ಅವರು ಹಳೇ ಪದ್ಧತಿಯವರು, ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು ಹತ್ತೋರು. ಸೊಂಟದಲ್ಲಿ ಕತ್ತಿ, ಹೆಗಲ ಮೇಲೆ ಉದ್ದನೆ ಹಗ್ಗ. ಹತ್ತಿದರು. ಹುಡುಗನ ಹತ್ತಿರ ಹೋಗಿ ಕತ್ತಿ ಮುಟ್ಟಲೇ ಇಲ್ಲ. ಮೊದಲು ಅವನ ಎದೆ, ಸೊಂಟ ಸೇರಿಸಿ ಹಗ್ಗ ಕಟ್ಟಿದರು. ಇನ್ನೂ ಮೇಲೆ ಹೋಗಿ ಗಟ್ಟಿ ಗರಿಗಳ ಬುಡದ ಮೇಲಿಂದ ಹಗ್ಗ ದಾಟಿಸಿ ಕೆಳಗೆ ಬಿಟ್ಟರು. ಆಮೇಲೆ ಮೇಲಿಂದ ಕೂಗಿದರು: "ಹಗ್ಗ ಯಾರ ಕೈಲದೆ? ಹೆಸರೇಳ್ರಲಾ!" ಕೆಳಗಿನವರಿಗೆ ಸಿಟ್ಟು ಬಂತು. ಹುಡುಗ ಸಾಯ್ತಾ ಇದ್ದಾನೆ, ಇವರಿಗೆ ಹೆಸರು ಬೇಕಂತೆ. ಆದರೂ ಮಾವ ಬಿಡಲಿಲ್ಲ. ನಾಲ್ಕು ಜನ ಒಬ್ಬೊಬ್ಬರೇ ಹೆಸರು ಕೂಗಿದರು. ನಾಲ್ಕನೆಯವರು ನಮ್ಮ ದೊಡ್ಡಪ್ಪ. ಹಗ್ಗ ಬಿಗಿ ಆಯಿತು, ಹುಡುಗನ ಭಾರ ಅದರ ಮೇಲೆ ಬಂತು. ಆಗ ಕಾಲಿನ ಪಟ್ಟಿ ಕುಯ್ದರು. ಅವನು ಬೀಳಲಿಲ್ಲ, ಇಳಿದ. ನೀರು ಕುಡಿದು ಅಳೋಕೆ ಶುರು ಮಾಡಿದ.

ನನಗೆ ಆಗ ಅದು ಬರೀ ಸಾಹಸದ ಹಾಗೆ ಕಂಡಿತು. ಹೆಸರು ಯಾಕೆ ಕೇಳಿದರು ಅಂತ ಯೋಚನೆ ಮಾಡಲಿಲ್ಲ. ಮಾಡಿದ್ದರೆ ಮುಂದೆ ಹೇಳೋ ವಿಷಯ ಬೇರೆ ಥರ ಆಗ್ತಿತ್ತೇನೋ.

ಬೈಬಲ್ ಕಾಲೇಜಿನ ಡಿಪ್ಲೊಮಾ ಮುಗಿಸಿದ ಮೇಲೆ ಸೇವೆಯಿಂದ ಮನೆ ನಡೀತಿರಲಿಲ್ಲ. ಮೂರು ವರ್ಷ ಆಂಬುಲೆನ್ಸ್ ಕೆಲಸ ಮಾಡಿದೆ. ತರಬೇತಿ ಕೊಟ್ಟಿದ್ದರು. ನಾನು ಏನೂ ಗೊತ್ತಿಲ್ಲದವನಾಗಿರಲಿಲ್ಲ, ಅದೇ ನನ್ನ ಕಷ್ಟ. ಒಂದು ರಾತ್ರಿ ರಜೆ ಮುಗಿಸಿ ಬೈಕಿನಲ್ಲಿ ಹೊರಟಿದ್ದೆ. ತಿಪಟೂರು ದಾಟಿ ಕೆ.ಬಿ. ಕ್ರಾಸ್ ಕಡೆಗೆ ಬರುವಾಗ ರಸ್ತೆ ಪಕ್ಕದ ಹಳ್ಳದಲ್ಲಿ ಒಂದು ಕಾರು ಮಗುಚಿ ಬಿದ್ದಿತ್ತು. ಚಕ್ರ ಮೇಲೆ. ಒಂದು ಹೆಡ್‌ಲೈಟು ಇನ್ನೂ ಉರೀತಾ ತೆಂಗಿನ ಮರದ ಬುಡದ ಮೇಲೆ ಬಿದ್ದಿತ್ತು. ಹಾಲಿನ ಕ್ಯಾನ್ ಹೊತ್ತ ಟೆಂಪೋದವರು ಇಬ್ಬರು ಆಗಲೇ ನಿಲ್ಲಿಸಿದ್ದರು, ಏನು ಮಾಡೋದು ಗೊತ್ತಾಗದೆ ನಿಂತಿದ್ದರು. ಒಳಗೆ ಡ್ರೈವರ್ ಸೀಟಿನಲ್ಲಿ ಒಬ್ಬ ಬೆಲ್ಟಿನಲ್ಲಿ ತಲೆ ಕೆಳಗಾಗಿ ನೇತಾಡ್ತಿದ್ದ. ನನ್ನ ವಯಸ್ಸಿನವನೇ. "ಅಣ್ಣಾ ಬುಡುಸು" ಅಂತಿದ್ದ. ಪೆಟ್ರೋಲ್ ವಾಸನೆ.

ಆ ವಾಸನೆ ಬಂದ ಕೂಡಲೇ ನನ್ನ ತಲೆಯಲ್ಲಿ ಪಾಲೆಂ ಬಸ್ಸು ಬಂತು. 2013ರ ಅಕ್ಟೋಬರ್ 30, ಬೆಂಗಳೂರಿಂದ ಹೈದರಾಬಾದಿಗೆ ಹೋಗ್ತಿದ್ದ ವೋಲ್ವೋ, 45 ಜನ ಸುಟ್ಟುಹೋದರು. ಹದಿನೈದು ದಿನದಲ್ಲೇ ನವೆಂಬರ್ 14ಕ್ಕೆ ಹಾವೇರಿ ಹತ್ತಿರ ಇನ್ನೊಂದು, ಬೆಂಗಳೂರಿಂದ ಮುಂಬೈ ಕಡೆ ಹೊರಟಿದ್ದು, 7 ಜನ. ಆ ಫೋಟೋಗಳನ್ನ ನಮಗೆ ತರಬೇತಿಯಲ್ಲಿ ತೋರಿಸಿದ್ದರು. ಭಯ ಸುಳ್ಳಾಗಿರಲಿಲ್ಲ ಅಂತ ಹೇಳ್ತಿದ್ದೀನಿ.

ಚಾಕು ತೆಗೆದೆ. ಪಕ್ಕದ ಗಾಜಿನ ಮೂಲೆಗೆ ಮೊನೆ ಒತ್ತಿ ಹೊಡೆದೆ, ಸಕ್ಕರೆ ಸುರಿದ ಹಾಗೆ ಪುಡಿಯಾಯಿತು. (ಮುಂದಿನ ದೊಡ್ಡ ಗಾಜಿಗೆ ಹೊಡೆಯಬೇಡಿ, ಅದರ ಮಧ್ಯೆ ಪದರ ಇರುತ್ತೆ, ಬಿರುಕು ಬಿಡುತ್ತೆ ಹೊರತು ಉದುರಲ್ಲ.) ಕೆಂಪು ಬಟನ್ ಒತ್ತಿದೆ, ಮೈ ಭಾರಕ್ಕೆ ಬಿಗಿದು ಕೂತಿತ್ತು. ಕೊಕ್ಕೆ ಹಾಕಿದೆ. ಒಂದು ಸಲ ಭುಜದ ಹತ್ತಿರ, ಒಂದು ಸಲ ಸೊಂಟದ ಹತ್ತಿರ. ಎರಡೇ ಎಳೆತ. ಬೆಲ್ಟು ಅಷ್ಟು ಸುಲಭವಾಗಿ ಕುಯ್ಯುತ್ತೆ ಅಂತ ನಂಬೋಕಾಗಲ್ಲ. ನಿಜ ಹೇಳಬೇಕು ಅಂದರೆ ಆ ಕ್ಷಣ ಮನಸ್ಸಿಗೆ ಒಂದು ಖುಷಿ ಆಯಿತು.

ಅವನು ಬಿದ್ದ. ನೆತ್ತಿ ಮೊದಲು, ಅದರ ಮೇಲೆ ಪೂರ್ತಿ ಮೈ. ಕಾರಿನ ಮೇಲ್ಛಾವಣಿ ಈಗ ನೆಲ ಆಗಿತ್ತಲ್ಲ, ಅದರ ಮೇಲೆ ಕತ್ತು ಮಡಚಿ ಬಿದ್ದ. ಒಂದು ಸದ್ದು ಬಂತು. ಆ ಸದ್ದನ್ನ ನಾನು ಇಲ್ಲಿ ವಿವರಿಸಲ್ಲ.

ಬೆಂಕಿ ಹತ್ತಲಿಲ್ಲ. ಅವನನ್ನ ಹೊರಗೆ ತೆಗೆದ್ವಿ, ಆಂಬುಲೆನ್ಸ್ ಬಂತು, ಆಸ್ಪತ್ರೆಗೆ ಹೋಯಿತು. ಬದುಕಿದ. ಬಲಗೈಯಲ್ಲಿ ಶಕ್ತಿ ಬರಲಿಲ್ಲ. ಕಾರು ಮಗುಚಿದಾಗಲೇ ಕತ್ತಿನ ನರಕ್ಕೆ ಪೆಟ್ಟಾಗಿತ್ತಾ, ನಾನು ಬೀಳಿಸಿದಾಗ ಆಯಿತಾ? ಡಾಕ್ಟರನ್ನ ಕೇಳಿದೆ. "ಅದನ್ನ ಯಾರೂ ಹೇಳೋಕಾಗಲ್ಲ" ಅಂದರು. ಇವತ್ತಿನವರೆಗೂ ಯಾರೂ ಹೇಳಿಲ್ಲ.

ಸಹೋದರ ಸಹೋದರಿಯರೇ, ಬೆಂಕಿ ಹತ್ತಿದ್ದರೆ ನಾನು ಮಾಡಿದ್ದೇ ಸರಿ ಆಗ್ತಿತ್ತು. ಬೆಂಕಿ ಎದುರಿಗೆ ಕೈ ಹೋದರೂ ಜೀವ ಉಳಿಸಬೇಕು. ಒಬ್ಬನೇ ಇದ್ದಿದ್ದರೆ ಕೂಡ ಏನೋ ಸಮಾಧಾನ ಹೇಳಿಕೊಳ್ತಿದ್ದೆ. ಆದರೆ ಬರೀ ವಾಸನೆ ಇತ್ತು, ಹೊಗೆ ಇರಲಿಲ್ಲ. ಪಕ್ಕದಲ್ಲಿ ಇಬ್ಬರು ಗಂಡಸರು ನಿಂತಿದ್ದರು, ದಿನಾ ನಲವತ್ತು ಲೀಟರ್ ಕ್ಯಾನ್ ಎತ್ತೋ ತೋಳು. "ಅಣ್ಣ, ಒಬ್ಬರು ಒಳಗೆ ತೂರಿ ಅವನ ಭುಜಕ್ಕೆ ಹೆಗಲು ಕೊಡಿ, ಇನ್ನೊಬ್ಬರು ತಲೆ ಹಿಡೀರಿ" ಅಂತ ಹೇಳೋಕೆ ಐದು ಸೆಕೆಂಡು ಸಾಕಿತ್ತು. ನಾನು ಹೇಳಲಿಲ್ಲ. ಯಾಕೆ?

ಈ ಯಾಕೆ ಅನ್ನೋದಕ್ಕೆ ಉತ್ತರ ಬರೋಕೆ ನನಗೆ ಎಷ್ಟೋ ವರ್ಷ ಹಿಡಿಯಿತು. ಗಾಬರಿ ಅಂತ ಹೇಳಿಕೊಳ್ತಿದ್ದೆ. ಗಾಬರಿಯೂ ಇತ್ತು. ಆದರೆ ಅದರ ಕೆಳಗೆ ಇನ್ನೊಂದು ಇತ್ತು. ಕತ್ತರಿಸೋದು ಒಬ್ಬನ ಕೆಲಸ. ಚಾಕು ಇರೋದು ನನ್ನ ಕೈಯಲ್ಲಿ, ಬಿಡಿಸಿದವನು ನಾನು. ಕೆಳಗೆ ಹೆಗಲು ಕೊಡೋದು ನಾಲ್ಕು ಜನರ ಕೆಲಸ, ಅದರಲ್ಲಿ ಯಾರು ಯಾರು ಅಂತ ನಾಳೆ ಯಾರೂ ಕೇಳಲ್ಲ. ನಾನು ಆ ರಾತ್ರಿ ಬಿಡಿಸಿದವನಾಗಬೇಕು ಅಂತಿದ್ದೆ. ಅವನು ಬಿದ್ದಿದ್ದು ತಪ್ಪು, ಅಂದರೆ ಮನುಷ್ಯ ಮಾಡೋ ತಪ್ಪು. ಈ ಎರಡನೆಯದನ್ನ ನಾನು ತಪ್ಪು ಅಂತ ಕರೆಯಲ್ಲ. ಅದನ್ನ ಕರ್ತನ ಮುಂದೆ ಪಾಪ ಅಂತಲೇ ಅರಿಕೆ ಮಾಡಿದೆ.

ಕಾನೂನು ಏನು ಹೇಳುತ್ತೆ ಅಂತ ನಿಮ್ಮಲ್ಲಿ ಕೆಲವರು ಯೋಚನೆ ಮಾಡ್ತಿದ್ದೀರಿ. ಕಾನೂನು ನನ್ನನ್ನ ಹಿಡಿಯಲ್ಲ. ಸುಪ್ರೀಂ ಕೋರ್ಟು 2016ರ ಮಾರ್ಚ್ 30ರಂದು ಸಹಾಯ ಮಾಡಿದವರಿಗೆ ರಕ್ಷಣೆ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೇರಿತು. ಒಳ್ಳೇ ಮನಸ್ಸಿನಿಂದ ತುರ್ತು ಸಹಾಯ ಮಾಡುವಾಗ ಕೈತಪ್ಪಿ ಗಾಯವಾದರೂ ಕೇಸಿಲ್ಲ. ಪೊಲೀಸು, ಕೋರ್ಟು ಅಂತ ಹೆದರಿ ದೂರ ನಿಲ್ಲಬೇಡಿ, ಇದನ್ನ ಬರೆದಿಟ್ಟುಕೊಳ್ಳಿ. ಇದಕ್ಕಿಂತ ಹಳೇದು ಇನ್ನೊಂದಿದೆ. 1860ರ ಭಾರತೀಯ ದಂಡ ಸಂಹಿತೆಯ 92ನೇ ಕಲಂ, 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂ. ಒಪ್ಪಿಗೆ ಕೇಳೋಕೆ ಆಗದ ಸ್ಥಿತಿಯಲ್ಲಿ ಒಬ್ಬರ ಒಳ್ಳೇದಕ್ಕೆ ಅಂತ ಮಾಡಿದ್ದು ಅಪರಾಧ ಅಲ್ಲ ಅಂತ. ಅದಕ್ಕೆ ಒಂದು ಉದಾಹರಣೆ ಕೊಟ್ಟಿದ್ದಾರೆ. ಮನೆಗೆ ಬೆಂಕಿ ಬಿದ್ದಿದೆ, ಮೇಲೆ ಒಬ್ಬ ಮಗುವನ್ನ ಹಿಡಿದು ನಿಂತಿದ್ದಾನೆ. ಬಿದ್ದರೆ ಸಾಯಬಹುದು ಅಂತ ಗೊತ್ತಿದ್ದೂ ಮಗುವನ್ನ ಕೆಳಗೆ ಬಿಡ್ತಾನೆ. ಮಗು ಸತ್ತರೂ ಅವನ ಮೇಲೆ ಅಪರಾಧ ಇಲ್ಲ.

ಇದನ್ನ ಮೊದಲು ಓದಿದಾಗ ಸಮಾಧಾನ ಆಯಿತು. ಎರಡನೇ ಸಲ ಓದಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಆ ಉದಾಹರಣೆಯಲ್ಲಿ ಕೆಳಗೆ ಜನ ಇದ್ದಾರೆ. ಕಂಬಳಿ ಹಿಡಿದು ನಿಂತಿದ್ದಾರೆ! ನೂರೈವತ್ತು ವರ್ಷದ ಹಿಂದೆ ಕಾನೂನು ಬರೆಯೋಕೆ ಕೂತ ಯಾರೋ, ಮಗುವನ್ನ ಕೈಬಿಡೋ ಮನುಷ್ಯನನ್ನ ಬರೀ ಗಾಳಿಗೆ ಬಿಡೋ ಹಾಗೆ ಬರೆಯಲಿಲ್ಲ. ನಮ್ಮ ಮಾವ ಮರದ ಮೇಲಿಂದ ಕೇಳಿದ್ದೂ ಇದನ್ನೇ.

ಎಲ್ಲಾ ಕಡೆ ಒಂದೇ ನಿಯಮ ಅಂತ ತಿಳ್ಕೋಬೇಡಿ, ಅದಕ್ಕೆ ಇದನ್ನೂ ಹೇಳ್ತೀನಿ. ಸ್ಕೂಟರ್ ಹಿಂದೆ ಕೂತ ಹುಡುಗಿಯ ವೇಲು ಚಕ್ರಕ್ಕೆ ಸಿಕ್ಕಿ ಕತ್ತಿಗೆ ಬಿಗಿದಿದೆ. ಅಲ್ಲಿ ಯಾರ ಹೆಸರೂ ಕೇಳಬೇಡಿ, ಉಸಿರು ನಿಂತಿದೆ, ಕುಯ್ಯಿರಿ. ಮೊಂಡು ತುದಿ ಚರ್ಮದ ಕಡೆ, ಅಲಗಿನ ಬಾಯಿ ಹೊರಗಡೆ. ಅದೇ ಮನುಷ್ಯನ ಹೊಟ್ಟೆಗೆ ಸರಳು ಚುಚ್ಚಿಕೊಂಡಿದ್ದರೆ ಚಾಕು ಜೇಬಲ್ಲೇ ಇರಲಿ, ಸರಳು ಮುಟ್ಟಬೇಡಿ, ಅಲುಗಾಡದ ಹಾಗೆ ಬಟ್ಟೆ ಒತ್ತಿಡಿ. ಪ್ರತಿ ಸಲ ನೋಡಿ ನಿರ್ಧಾರ ಮಾಡಬೇಕು, ಬೇರೆ ದಾರಿ ಇಲ್ಲ.

ಬಟ್ಟೆ ಕತ್ತರಿಸೋ ವಿಷಯಕ್ಕೆ ಬಂದರೆ ಭಾರ ಅನ್ನೋದು ಬರೀ ಮೈ ತೂಕ ಅಲ್ಲ ಅಂತ ಗೊತ್ತಾಗುತ್ತೆ. ಆಂಬುಲೆನ್ಸಿನಲ್ಲಿದ್ದಾಗ ಚಿಕ್ಕನಾಯಕನಹಳ್ಳಿ ಕಡೆಯ ಒಬ್ಬ ಅಜ್ಜಿ, ಬೈಕಿಂದ ಬಿದ್ದಿದ್ದರು. ತೊಡೆಯಿಂದ ರಕ್ತ ಹೋಗ್ತಿದೆ, ಎಲ್ಲಿಂದ ಅಂತ ನೋಡಬೇಕು. ನಾನು ಕತ್ತರಿ ತೆಗೆದೆ. ಅಜ್ಜಿ ಸೀರೆ ಬಿಗಿಯಾಗಿ ಹಿಡ್ಕೊಂಡರು. "ಕುಯ್ಯಬೇಡ ಕಣಪ್ಪ, ಮಗಳು ಕೊಡಿಸಿರೋದು." ನನಗೆ ಸಿಟ್ಟು. ಜೀವ ಹೋಗ್ತಿದೆ, ಸೀರೆ ಯೋಚನೆ! ನನ್ನ ಜೊತೆ ಕೆಲಸ ಮಾಡ್ತಿದ್ದ ಸಿಸ್ಟರ್ ನನ್ನ ಕೈ ಸರಿಸಿ ಅಜ್ಜಿ ಮುಖದ ಹತ್ತಿರ ಬಗ್ಗಿದರು. "ಅವ್ವಾ, ಹೊಲಿಗೆ ಪಕ್ಕದಲ್ಲಿ ಕುಯ್ತೀನಿ, ತುಂಡು ನಿಮ್ಮ ಚೀಲದಲ್ಲೇ ಇಡ್ತೀನಿ. ಮೇಲೆ ಹೊದಿಸ್ತೀನಿ, ಈ ಹುಡುಗ ಆ ಕಡೆ ತಿರುಗ್ತಾನೆ." ಅಜ್ಜಿ ಕೈ ಸಡಿಲ ಬಿಟ್ಟರು. ಹತ್ತು ಸೆಕೆಂಡಿನ ಮಾತು. ಮೊದಲು ಹೊದಿಕೆ ಬಿಡಿಸಿ ಪಕ್ಕದಲ್ಲಿಟ್ಟುಕೊಂಡು ಆಮೇಲೆ ಕುಯ್ದರು. ಆಸ್ಪತ್ರೆಯಲ್ಲಿ ಇಳಿಸುವಾಗ ಮಡಚಿದ ಆ ಸೀರೆ ತುಂಡು ಚೀಲದಲ್ಲಿದೆಯಾ ಅಂತ ಅಜ್ಜಿ ಕೇಳಿದರು. ಇತ್ತು. ಆ ಸಿಸ್ಟರ್ ನಮ್ಮ ಸಭೆಯವರಲ್ಲ, ವಿಶ್ವಾಸಿಯೂ ಅಲ್ಲ. ನಾನು ಅವರಿಂದ ಕಲಿತಷ್ಟು ಎಷ್ಟೋ ಪ್ರಸಂಗಗಳಿಂದ ಕಲಿತಿಲ್ಲ, ನನ್ನವೂ ಸೇರಿ.

ಲೂಕನ 10ನೇ ಅಧ್ಯಾಯದ ಸಮಾರ್ಯದವನನ್ನ ಈಗ ಓದಿ ನೋಡಿ, ಮನೆಗೆ ಹೋಗಿ ಓದಿ. ದಾರಿಯಲ್ಲಿ ಅವನು ಮಾಡಿದ್ದು ಎಣ್ಣೆ, ದ್ರಾಕ್ಷಾರಸ ಹಾಕಿ ಗಾಯ ಕಟ್ಟಿದ್ದು. ಕಟ್ಟೋಕೆ ಬಟ್ಟೆ ಹರಿದಿರಲೇಬೇಕು, ಅದು ಬರೆದಿಲ್ಲ. ಬರೆದಿರೋದು ಏನು? ಆ ಮನುಷ್ಯನ ಭಾರವನ್ನ ಎತ್ತಿ ತನ್ನ ಪ್ರಾಣಿಯ ಮೇಲೆ ಹಾಕಿದ್ದು. ಅಂದರೆ ಇವನು ಯೆರಿಕೋ ದಾರಿಯಲ್ಲಿ ನಡೆದುಕೊಂಡು ಹೋದ. ಛತ್ರದಲ್ಲಿ ರಾತ್ರಿ ನೋಡಿಕೊಂಡ. ಮರುದಿನ ಎರಡು ನಾಣ್ಯ ಕೊಟ್ಟ. ಹೆಚ್ಚಿಗೆ ಖರ್ಚಾದರೆ ವಾಪಸ್ ಬಂದಾಗ ಕೊಡ್ತೀನಿ ಅಂದ. ವಾಪಸ್ ಬರೋ ಮಾತು ಕೊಟ್ಟ! ನಾನು ಆ ಕಾರಿನವನ ವಿಷಯದಲ್ಲಿ ಎರಡು ವರ್ಷ ವಾಪಸ್ ಹೋಗಲಿಲ್ಲ.

ಇಲ್ಲಿ ನಿಮ್ಮ ಹತ್ತಿರ ಇನ್ನೊಂದು ಹೇಳದೆ ಇಳಿದರೆ ನಾನು ಮೋಸಗಾರ. ನಾವು ಸಭೆಯಲ್ಲೂ ಕತ್ತರಿಸ್ತೀವಿ. ಒಬ್ಬ ಹುಡುಗ ಬೇರೆ ಊರಿಂದ ಬಂದು ಪಿಜಿಯಲ್ಲಿದ್ದ, ಐಟಿ ಕೆಲಸ, ವಾರಾಂತ್ಯ ಆದರೆ ಕುಡಿಯೋ ಗೆಳೆಯರ ಜೊತೆ. ಇಲ್ಲಿಗೆ ಬಂದ, ಕಣ್ಣೀರು ಹಾಕಿದ. ನಾನೇ ಅವನ ಹೆಗಲ ಮೇಲೆ ಕೈ ಇಟ್ಟು, "ಆ ಸಹವಾಸ ಕತ್ತರಿಸಿ ಹಾಕು, ಇವತ್ತೇ" ಅಂದೆ. ಎಲ್ಲರೂ ಆಮೆನ್ ಅಂದಿರಿ. ಅವನು ಕತ್ತರಿಸಿದ, ಅವತ್ತೇ ಎಲ್ಲರ ನಂಬರ್ ತೆಗೆದ. ಮುಂದಿನ ಶನಿವಾರ ಸಂಜೆ ಏಳು ಗಂಟೆಗೆ ಅವನು ರೂಮಿನಲ್ಲಿ ಒಬ್ಬನೇ ಗೋಡೆ ನೋಡ್ತಾ ಕೂತಿದ್ದ. ನಾವು ಯಾರೂ ಫೋನ್ ಮಾಡಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಆ ಗೆಳೆಯರು ಕೆಟ್ಟವರೋ ಒಳ್ಳೆಯವರೋ, ಅವನಿಗೆ ಜ್ವರ ಬಂದಾಗ ಗಂಜಿ ತಂದುಕೊಟ್ಟವರು ಅವರೇ. ನೇತಾಡ್ತಿದ್ದ ಬೆಲ್ಟು ಅವನನ್ನ ಉಸಿರು ಕಟ್ಟಿಸ್ತಿತ್ತು, ನಿಜ. ಅದೇ ಬೆಲ್ಟು ಅವನನ್ನ ಹಿಡಿದೂ ಇತ್ತು. ಮೂರು ತಿಂಗಳಿಗೆ ಅವನು ಬರೋದು ನಿಂತಿತು. "ಅವನಲ್ಲಿ ಬೇರು ಇರಲಿಲ್ಲ" ಅಂತ ಯಾರೋ ಹೇಳಿದರು, ನಾನು ಸುಮ್ಮನಿದ್ದೆ. ಬೇರಿನ ಮಾತಲ್ಲ ಅದು. ಹಗ್ಗ ಯಾರ ಕೈಯಲ್ಲಿದೆ ಅಂತ ನಾನು ಕೇಳಲೇ ಇಲ್ಲ. ಅವನ ಈಗಿನ ನಂಬರ್ ಯಾರ ಹತ್ತಿರ ಆದರೂ ಇದ್ದರೆ ಇವತ್ತು ನನಗೆ ಕೊಡಿ.

ಕಾರಿನವನ ಮಾತು ಹೇಳಿ ಮುಗಿಸ್ತೀನಿ. ಎರಡು ವರ್ಷ ಆದ ಮೇಲೆ ವಿಳಾಸ ಹುಡುಕಿಕೊಂಡು ಹೋದೆ. ತೋಟದ ಮಧ್ಯೆ ಮನೆ. ಅವನ ತಾಯಿ ಬಾಗಿಲಲ್ಲಿದ್ದರು. ಯಾರು ಅಂತ ಹೇಳಿದ ಕೂಡಲೇ "ಓ, ನನ್ನ ಮಗನ್ನ ಬಿಡಿಸಿದೋನು ನೀನೇನಾ" ಅಂತ ಕೈ ಹಿಡಿದುಕೊಂಡರು. ಎಳನೀರು ಕೆತ್ತಿಸಿ ಕೊಟ್ಟರು. ಅದನ್ನ ಕುಡಿಯೋಕೆ ನನ್ನಿಂದ ಆಗಲಿಲ್ಲ. ಅವನು ಜಗಲಿ ಮೇಲೆ ಕೂತಿದ್ದ. ನಡೆದಿದ್ದೆಲ್ಲ ಹೇಳಿದೆ: ಕೆಳಗೆ ಹಿಡಿಯೋಕೆ ಇಬ್ಬರಿದ್ದರು, ನಾನು ಕರೀಲಿಲ್ಲ, ನಿನ್ನ ಕೈ ಹೀಗಾಗಿದ್ದು ನನ್ನಿಂದ ಇರಬಹುದು. ತಾಯಿ ಏನೂ ಅನ್ನಲಿಲ್ಲ, ಒಳಗೆ ಹೋದರು. ಅವನು ಬಹಳ ಹೊತ್ತು ನೆಲ ನೋಡ್ತಾ ಕೂತಿದ್ದ. ಕ್ಷಮಿಸಿದ್ದೀನಿ ಅಂತ ಹೇಳಲಿಲ್ಲ. ಬೈಯಲೂ ಇಲ್ಲ. ಆಮೇಲೆ ಕೇಳಿದ: "ಅಟ್ಟ ಹತ್ತಕ್ಕೆ ಬರ್ತದಾ ನಿಂಗೆ?"

ನಮ್ಮ ಸೀಮೆಯಲ್ಲಿ ಉಂಡೆ ಕೊಬ್ಬರಿ ಹೇಗೆ ಆಗುತ್ತೆ ಅಂತ ಬೆಂಗಳೂರಲ್ಲಿ ಹುಟ್ಟಿದವರಿಗೆ ಗೊತ್ತಿರಲ್ಲ. ಬಲಿತ ಕಾಯಿಗಳನ್ನ ಸುಲಿಯದೆ ಅಟ್ಟದ ಮೇಲೆ ಹಾಕಿಬಿಡ್ತೀವಿ. ಹತ್ತು ಹನ್ನೊಂದು ತಿಂಗಳು ಹಾಗೇ ಇರಬೇಕು. ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪಿಂದ ತಾನಾಗಿ ಬಿಡುತ್ತೆ. ಅಲ್ಲಾಡಿಸಿದರೆ ಒಳಗೆ ಲೊಟಲೊಟ ಅನ್ನುತ್ತೆ, ಆಗ ಇಳಿಸಿ ಸುಲಿದು ತಿಪಟೂರು ಮಾರ್ಕೆಟ್ಟಿಗೆ ಹಾಕೋದು. ಅವನಿಗೆ ಒಂದೇ ಕೈ, ಏಣಿ ಹತ್ತೋಕಾಗಲ್ಲ. ಆಳು ಸಿಕ್ಕಿರಲಿಲ್ಲ. ಮಧ್ಯಾಹ್ನದಿಂದ ಕತ್ತಲಾಗೋವರೆಗೂ ನಾನು ಅಟ್ಟದ ಮೇಲೆ ಕೂತು ಒಂದೊಂದೇ ಕಾಯಿ ಅಲ್ಲಾಡಿಸಿ ನೋಡಿದೆ, ಆಗಿದ್ದನ್ನ ಅವನ ತಾಯಿ ಕೆಳಗೆ ಹಿಡಿದ ಗೋಣಿಗೆ ಇಳಿಸಿದೆ. ಅವನು ಎಡಗೈಯಲ್ಲಿ ಎಣಿಸಿ ಗೆರೆ ಹಾಕ್ತಿದ್ದ. ಎರಡು ಸಲ ನಾನು ಆಗದೇ ಇರೋ ಕಾಯಿ ಇಳಿಸಿದ್ದೆ, ವಾಪಸ್ ಕಳಿಸಿದ. ಈಗ ಪ್ರತಿ ವರ್ಷ ಹೋಗ್ತೀನಿ. ಈ ವರ್ಷ ಇನ್ನೂ ಹೋಗಿಲ್ಲ, ಅಟ್ಟ ಇನ್ನೂ ಆಗಿಲ್ಲ ಅಂತ ಫೋನ್ ಮಾಡಿದ್ದ. ಇಬ್ಬರು ಹುಡುಗರು ಜೊತೆಗೆ ಬರೋದಾದರೆ ಹೇಳಿ, ಬೆಳಗಿನ ಆರಕ್ಕೆ ಬಸ್ಸು.

ಇನ್ನು ಆ ಚಾಕು. ತಮ್ಮಾ, ನೀನು ಇಟ್ಕೋ. ನಾನೂ ಬೀರುವಿಂದ ನನ್ನದು ತೆಗೆದಿದ್ದೀನಿ, ಕೊಕ್ಕೆಯ ಬ್ಲೇಡು ತುಕ್ಕು ಹಿಡಿದಿದೆ, ಬದಲಾಯಿಸಬೇಕು. ಈ ಶನಿವಾರ ಸಂಜೆ ಐದಕ್ಕೆ ಇದೇ ಹಾಲಿನಲ್ಲಿ ಸೇರೋಣ. ಹಳೇ ಜೀನ್ಸು, ಹರಿದ ಬೆಡ್‌ಶೀಟು, ಯಾರ ಮನೆಯಲ್ಲಾದರೂ ಹಳೇ ಹೆಲ್ಮೆಟ್ ಇದ್ದರೆ ತನ್ನಿ. ಗುಜರಿಯವರ ಹತ್ತಿರ ಎರಡು ಸೀಟ್ ಬೆಲ್ಟು ಕೇಳಿದ್ದೀನಿ. ಹೆಲ್ಮೆಟ್ ಪಟ್ಟಿ ಕುಯ್ಯೋವಾಗ ಇನ್ನೊಬ್ಬರು ಕತ್ತು ಹೇಗೆ ಹಿಡೀಬೇಕು ಅಂತ ತೋರಿಸ್ತೀನಿ. ನಂಬರು ನೆನಪಿರಲಿ, ಆಂಬುಲೆನ್ಸಿಗೆ 108, ಪೊಲೀಸು ಬೆಂಕಿ ಎಲ್ಲದಕ್ಕೂ 112. ಚಾಕು ಒಂದೇ ಸಾಕು, ಕೈ ಮಾತ್ರ ಎಷ್ಟಿದ್ದರೂ ಬೇಕು; ಬರೋರು ಈಗಲೇ ಆ ಪುಸ್ತಕದಲ್ಲಿ ಹೆಸರು ಬರೀರಿ.